ಗುಲಾಬಿ ಬಣ್ಣದ ಶಕುಂತಲಾಬಾಯಿ

ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅನುರಾಧಾ ನಾಲಿಗೆ ಕಚ್ಚಿಕೊಂಡಳು. ಆದರೆ ಗುರುಶಾಂತ ಆಗಲೇ ಚಹಾದ ಬಸಿ ಕೆಳಗಿಟ್ಟು ಮುಂದಕ್ಕೆ ಬಾಗಿ ಕೂತಿದ್ದ.

“ಏನಂದ್ರಿ ವೈನಿ? ನಿಮ್ಮ ಅತ್ತಿಗೇ? ಕಾಕುಗೇ ಆಗಿತ್ತೇನು ಈ ಕ್ಯಾನ್ಸರ್?”

“ಆಗಿತ್ತು. ನಾಕ ವರ್ಷ ಆಯ್ತು, ಸೊಲ್ಲಾಪುರದಾಗ ಆಪರೇಶನ್ ಮಾಡಿಸೀವಿ. ಆದ್ರ ಇದು ಮನಿ ಬಿಟ್ಟು ಹೊರಗ ಯಾರಿಗೂ ಗೊತ್ತಿಲ್ಲ. ನೀವೂ ಹೇಳಬ್ಯಾಡ್ರಿ.”

“ನಾ ಯಾಕ ಹೇಳಲಿ? ಕಾಕು ತಾವೇ ಹೇಳಿದ್ರ ಎಷ್ಟ ಚಲೋ ಆಗತದ, ಅದನ್ನ ವಿಚಾರ ಮಾಡ್ರಿ” ಎಂದ ಗುರುಶಾಂತ.

ಅದು 2006ರ ಸೆಪ್ಟೆಂಬರ್ ತಿಂಗಳು. ಬಸವಕಲ್ಯಾಣದ ಬಜಾರದಲ್ಲಿ ಮಹಾರುದ್ರಪ್ಪನವರ ಬಟ್ಟೆ ಅಂಗಡಿ ಮೂವತ್ತು ವರ್ಷ ಹಳೆಯದು. ಮುಂದಿನ ಸೀರೆ, ಧೋತರ, ಶರ್ಟಿನ ಬಟ್ಟೆಗಳನ್ನು ಅವರೂ ಮಗ ಧನರಾಜನೂ ನೋಡಿಕೊಳ್ಳುತ್ತಿದ್ದರು. ಹಿಂದಿನ ಕೋಣೆಗೆ ಪರದೆ ಹಾಕಿ ಹೆಂಗಸರ ಒಳಉಡುಪು ಮಾರುವ ಕೆಲಸ ಹಚ್ಚಿಕೊಂಡವಳು ಸೊಸೆ ಅನುರಾಧಾ. ಗಂಡಸರ ಮುಂದೆ ಅಳತೆ ಹೇಳಲು ನಾಚಿ, ಕೈಗೆ ಸಿಕ್ಕಿದ್ದನ್ನು ಸೆರಗಿನಡಿ ಮುಚ್ಚಿಕೊಂಡು ಓಡುತ್ತಿದ್ದ ಹೆಂಗಸರು ಈಗ ಪರದೆಯ ಒಳಗೆ ಕೂತು, ನಾಲ್ಕು ಮಾತಾಡಿ, ಚಹಾ ಕುಡಿದು ಹೋಗುತ್ತಿದ್ದರು. ಗುರುಶಾಂತ ಹುಮನಾಬಾದಿನವನು, ಧನರಾಜನ ಕಾಲೇಜಿನ ಗೆಳೆಯ. ಒಂದು ದೊಡ್ಡ ಒಳಉಡುಪು ಕಂಪನಿಗೆ ಈ ಭಾಗದ ಏಜೆಂಟ.

ಕಂಪನಿಯವರು ಅಕ್ಟೋಬರ್ ತಿಂಗಳನ್ನು ಗುಲಾಬಿ ತಿಂಗಳೆಂದು ಮಾಡಲು ಹೊರಟಿದ್ದರು. ಸ್ತನ ಕ್ಯಾನ್ಸರಿನ ತಿಳುವಳಿಕೆಗೆಂದು ಪ್ರತಿ ಪ್ಯಾಕೆಟ್ಟಿಗೆ ಒಂದು ಗುಲಾಬಿ ರಿಬ್ಬನ್ನು, ಒಂದು ಚೀಟಿ. ಒಂದು ಡಜನ್ ಕೊಂಡವರಿಗೆ ಸ್ಟೀಲಿನ ಡಬ್ಬಿ. ಹುಮನಾಬಾದಿನಲ್ಲಿ ಒಂದು ಕಾರ್ಯಕ್ರಮ. “ಸಿನೆಮಾದಾಕಿ ಫೋಟೊ ತೋರಿಸಿದ್ರ ನಮ್ಮ ಕಡಿ ಹೆಂಗಸ್ರು ನಂಬತಾರೇನ್ರಿ? ನಮ್ಮವರೇ ಒಬ್ಬರು, ಆರಾಮ ಆದವರು, ಸ್ಟೇಜ್ ಮ್ಯಾಲ ನಿಂತ್ರ...” ಎಂದು ಗುರುಶಾಂತ ಅನ್ನುತ್ತಿದ್ದಾಗಲೇ ಅನುರಾಧಾ ಬಾಯಿಬಿಟ್ಟದ್ದು. ಕಾರ್ಯಕ್ರಮ ಚೆನ್ನಾಗಿ ಮಾಡಿಸಿದ ಅಂಗಡಿಗೆ ಇಡೀ ತಾಲೂಕಿನ ಏಜೆನ್ಸಿ ಕೊಡಿಸುತ್ತೇನೆಂದು ಅದಕ್ಕೂ ಮೊದಲು ಅವನು ಹೇಳಿದ್ದ. ಅತ್ತೆಯ ಮೇಲಿನ ಅಭಿಮಾನ ಎಷ್ಟು, ಏಜೆನ್ಸಿಯ ಆಸೆ ಎಷ್ಟು ಎಂದು ಅನುರಾಧಾ ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು.

ಸಂಜೆ ಅಡುಗೆಮನೆಯಲ್ಲಿ ಅತ್ತೆಗೆ ಹೇಳಿಬಿಟ್ಟಳು. ಆಪರೇಶನ್ ಆದಾಗಿನಿಂದ ಶಕುಂತಲಾಬಾಯಿಯವರ ಬಲಗೈ ಆಗಾಗ ಊದಿಕೊಳ್ಳುತ್ತಿತ್ತು. ಹಾಗಾಗಿ ರೊಟ್ಟಿ ಬಡಿಯುವವಳು ಸೊಸೆ, ಹಂಚಿನ ಮೇಲೆ ಬೇಯಿಸುವವರು ಅತ್ತೆ. ಮದುವೆಯಾಗಿ ಆರು ತಿಂಗಳಿಗೆ ಆ ಗಾಯದ ಪಟ್ಟಿ ಬಿಚ್ಚಿ ಕಟ್ಟಿದವಳೂ ಅನುರಾಧಾಳೇ. ಗಾಯಕ್ಕೆ ತಾಗದಿರಲೆಂದು ಅತ್ತೆಯ ಕೊರಳಿನ ಶಿವದಾರವನ್ನು ಉದ್ದಮಾಡಿ, ಲಿಂಗ ಹೊಟ್ಟೆಯ ಹತ್ತಿರ ಬರುವಂತೆ ಕಟ್ಟಿಕೊಟ್ಟವಳೂ ಅವಳೇ.

“ಅತ್ಯಾ, ನನ್ನಿಂದ ತಪ್ಪಾಯ್ತು. ಬೈದ್ರ ಬೈರಿ.”

ಶಕುಂತಲಾಬಾಯಿ ರೊಟ್ಟಿಯನ್ನು ತಿರುವಿ ಹಾಕಿದರು.

“ಬಾಜು ಮನಿ ಕಸ್ತೂರಿಬಾಯಿ ನಿನ್ನೆ ಮತ್ತ ಗಂಜಿ ಕಳಿಸ್ಯಾಳ” ಎಂದರು ಆಮೇಲೆ. “ನಾಕ ವರ್ಷ ಆಯ್ತು ಆಕಿ ಗಂಜಿ ಕುಡಿಯಾಕತ್ತೇನಿ. ನಿಮ್ಮ ಮಾವ ಹೊಟ್ಟಿ ಆಪರೇಶನ್ ಅಂತ ಊರಿಗೆಲ್ಲಾ ಹೇಳಿದ್ರಲ್ಲ. ಮದುವಿಗೆ ಹೋದ್ರ ಬದನಿಕಾಯಿ ತಿನ್ನಂಗಿಲ್ಲ, ಖಾರ ತಿನ್ನಂಗಿಲ್ಲ. ನನ್ನ ಹೊಟ್ಟಿಗೇನಾಗೇದ? ಕಲ್ಲ ತಿಂದ್ರೂ ಕರಗತದ.”

ಅನುರಾಧಾಳಿಗೆ ನಗು ಬಂತು. ಅತ್ತೆ ನಗಲಿಲ್ಲ.

“ಆ ಗುರುಶಾಂತಗ ಹೇಳು. ನಾ ಬರತೇನಿ ಅಂತ.”

ಊಟದ ಹೊತ್ತಿಗೆ ಮನೆ ಎರಡಾಯಿತು. ಮಹಾರುದ್ರಪ್ಪನವರು ಪುಂಡಿಪಲ್ಯ ಹಚ್ಚಿಕೊಂಡ ತುತ್ತನ್ನು ತಾಟಿನಲ್ಲೇ ಬಿಟ್ಟರು.

“ಬಜಾರದಾಗ ನಿಂತು ಹೆಣ್ಣಮಗಳು ಎದಿ ಮಾತ ಆಡೋದೇನು? ಇಜ್ಜತ್ ಅನ್ನೋದು ಅದನೋ ಇಲ್ಲೋ ಈ ಮನ್ಯಾಗ?”

“ನಿಮ್ಮ ಅಂಗಡ್ಯಾಗ ಅದರ ಬಟ್ಟಿ ಮಾರತೀರಿ” ಎಂದರು ಶಕುಂತಲಾಬಾಯಿ, ಬೇಳೆ ಬಡಿಸುತ್ತ. “ಮಾರಿದ್ರ ಇಜ್ಜತ್ ಹೋಗಂಗಿಲ್ಲ, ಮಾತಾಡಿದ್ರ ಹೋಗತದೇನು?”

“ಅಪ್ಪಾ, ಈಗ ಕಾಲ ಬದಲಾಗೇದ” ಎಂದ ಧನರಾಜ.

“ಕಾಲ ಬದಲಾಗಿಲ್ಲೋ, ನಿಂಗ ಏಜೆನ್ಸಿ ಬೇಕಾಗೇದ.”

ಧನರಾಜ ತಲೆ ತಗ್ಗಿಸಿ ಊಟ ಮಾಡಿದ. ಆ ಮಾತು ತನಗೂ ಸೇರಿದ್ದೆಂದು ಅನುರಾಧಾಳಿಗೆ ಗೊತ್ತಿತ್ತು.

ದಸರಾ ಮುಗಿದ ವಾರದಲ್ಲಿ ಹುಮನಾಬಾದಿನ ಒಂದು ಕಲ್ಯಾಣ ಮಂಟಪದಲ್ಲಿ ಕಾರ್ಯಕ್ರಮವಾಯಿತು. ಎಲ್ಲಿ ನೋಡಿದರೂ ಗುಲಾಬಿ ಬಲೂನು. ಬಾಗಿಲಲ್ಲೇ ಕಂಪನಿಯ ಮಾಲಿನ ಟೇಬಲ್ಲು. ಅಡತಿ ವ್ಯಾಪಾರಿಗಳ ಹೆಂಡಂದಿರು, ಶಾಲೆಯ ಟೀಚರುಗಳು, ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುವ ಹುಡುಗಿಯರು, ಡಬ್ಬಿ ಸಿಗುತ್ತದೆಂದು ಹಳ್ಳಿಗಳಿಂದ ಬಂದವರು, ಎಲ್ಲ ಸೇರಿ ಇನ್ನೂರು ಜನ. ಲೇಡಿ ಡಾಕ್ಟರೊಬ್ಬರು ಬಂದು ಇಪ್ಪತ್ತು ನಿಮಿಷ ಮಾತಾಡಿ, ಇನ್ನೆಲ್ಲಿಗೋ ಹೋಗಬೇಕೆಂದು ಹೊರಟುಹೋದರು.

ಆಮೇಲೆ ಶಕುಂತಲಾಬಾಯಿ ಎದ್ದರು. ಹಸಿರು ಇಳಕಲ್ ಸೀರೆ, ಹಣೆಗೆ ವಿಭೂತಿ. ಊದಿದ ಬಲಗೈ ಬಿಟ್ಟು ಎಡಗೈಯಲ್ಲಿ ಮೈಕು ಹಿಡಿದರು.

“ನಂಗ ಭಾಷಣ ಬರಂಗಿಲ್ರಿ. ನಂಗ ಗಂಟ ಕೈಗೆ ಹತ್ತಿದ್ದು ಸ್ನಾನ ಮಾಡೋವಾಗ. ನೋವಿದ್ದಿಲ್ಲ. ನೋವಿಲ್ಲಂದ ಮ್ಯಾಲ ಬಿಮಾರಿ ಹ್ಯಾಂಗ ಆಗತದ ಅಂತ ಏಳ ತಿಂಗಳ ಸುಮ್ಮ ಕೂತೆ. ಗಂಡಗ ಹೇಳಾಕ ನಾಚಿಕಿ. ನಾಕ ಮಕ್ಕಳನ್ನ ಹಡದೀನಿ, ಇಬ್ಬರನ್ನ ಮಣ್ಣಾಗ ಇಟ್ಟೀನಿ, ಆದ್ರೂ ಗಂಡಗ ಹೇಳಾಕ ನಾಚಿಕಿ ನೋಡ್ರಿ!”

ಹೆಂಗಸರು ನಕ್ಕರು. ನಕ್ಕವರೇ ಸ್ವಲ್ಪ ಹೊತ್ತಿಗೆ ಸೆರಗು ಕಣ್ಣಿಗೆ ಒತ್ತಿಕೊಂಡರು. “ಒಂದು ಬದಿ ತಗದಾರ. ಹೊಟ್ಟಿ ಆಪರೇಶನ್ ಅಂತ ಸುಳ್ಳ ಹೇಳಕೋತ ಬಂದೀನಿ. ಇವತ್ತ ಖರೆ ಹೇಳೀನಿ. ನಾ ಉಳದೀನಿ. ನೀವೂ ಉಳೀರಿ. ಗಂಟ ಹತ್ತಿದ್ರ ಮುಚ್ಚಬ್ಯಾಡ್ರಿ.” ಇಷ್ಟು ಹೇಳಿ ಕೂತುಬಿಟ್ಟರು. ಎದುರಿಗೆ ಕೂತಿದ್ದ ಅನುರಾಧಾಳಿಗೆ, ಅತ್ತೆಯ ಬೆನ್ನಿನ ಮೇಲಿಂದ ಯಾರೋ ಗೋಣಿಚೀಲ ಇಳಿಸಿದಂತೆ ಕಂಡಿತು.

ಇಳಿದು ಬಂದ ಮೇಲೆ ಗುರುಶಾಂತ ಒಂದು ಕಾಗದ ತಂದ. ಎಲ್ಲ ಇಂಗ್ಲಿಷಿನಲ್ಲಿತ್ತು. “ಫೋಟೊ ತಗದಾರಲ್ಲ ಕಾಕು, ಅದಕ್ಕ ಒಂದು ಸಹಿ. ರಿವಾಜ ಅಷ್ಟೇ.”

ಶಕುಂತಲಾಬಾಯಿ ಸೊಸೆಯ ಮುಖ ನೋಡಿದರು. ಅನುರಾಧಾ ಕಾಗದದ ಮೇಲೆ ಕಣ್ಣಾಡಿಸಿದಳು. ಹತ್ತನೇ ಇಯತ್ತೆಯ ಇಂಗ್ಲಿಷಿಗೆ ನಿಲುಕುವಂಥದ್ದಲ್ಲ. “ಮಾಡ್ರಿ ಅತ್ಯಾ” ಎಂದಳು.

ಕಂಪನಿಯವರು ಕೊಟ್ಟ ಕಾಣಿಕೆಯ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಿದಾಗ ಒಳಗೆ ಎರಡು ಒಳಉಡುಪು. ಶಕುಂತಲಾಬಾಯಿ ಒಂದನ್ನು ಎತ್ತಿ ತಿರುಗಿಸಿ ನೋಡಿ ಸೊಸೆಯ ಕೈಗಿಟ್ಟರು. “ನೀ ಹಾಕ್ಕೋ. ಇದಕ್ಕ ಎರಡ ಬದಿ ಅದಾವ. ನಂಗ ಬೇಕಾದ್ದು ಇವರು ಮಾಡಂಗಿಲ್ಲ ಕಾಣಸ್ತದ.” ಅವರು ತಮ್ಮ ಕುಪ್ಪಸದೊಳಗೆ ತಾವೇ ಹೊಲಿದುಕೊಂಡ ಅರಳೆಯ ಚೀಲ ಇಟ್ಟುಕೊಳ್ಳುತ್ತಿದ್ದರು.

ದೀಪಾವಳಿ ಮುಗಿದ ಮೇಲೆ ಪೋಸ್ಟರುಗಳು ಬಂದವು.

ಗುರುಶಾಂತ ಸುರುಳಿ ಬಿಚ್ಚಿ ಅಂಗಡಿಯ ಗಲ್ಲೆಯ ಮೇಲೆ ಹರಡಿದಾಗ ಅನುರಾಧಾಳಿಗೆ ಮೊದಲು ಗುರುತೇ ಹತ್ತಲಿಲ್ಲ. ಅತ್ತೆಯ ಹಸಿರು ಸೀರೆ ಗುಲಾಬಿಯಾಗಿತ್ತು. ಹಣೆಯ ವಿಭೂತಿ ಅಳಿಸಿ ದೊಡ್ಡ ಕುಂಕುಮ ಬಂದಿತ್ತು. ತಲೆಯ ಮೇಲೆ ದಪ್ಪ ಅಕ್ಷರದಲ್ಲಿ “ನಾನು ಗೆದ್ದೆ!” ಎಂದೂ, ಕಾಲ ಕೆಳಗೆ ಅದಕ್ಕಿಂತ ದಪ್ಪ ಅಕ್ಷರದಲ್ಲಿ ಕಂಪನಿಯ ಹೆಸರೂ ಇತ್ತು.

“ನಾ ಗೆದ್ದೆ ಅಂದಿಲ್ಲಲ್ಲ” ಎಂದರು ಶಕುಂತಲಾಬಾಯಿ. “ಉಳದೀನಿ ಅಂದಿದ್ದೆ.”

“ಎರಡೂ ಒಂದೇ ಅಲ್ಲೇನ್ರಿ ಕಾಕು?”

“ಒಂದೇ ಅಲ್ಲಪಾ” ಎಂದರು. ಪೋಸ್ಟರನ್ನು ಮತ್ತೊಮ್ಮೆ ನೋಡಿ, “ನಕ್ಕಿದ್ದು ಚಂದ ಬಂದದ” ಎಂದು ಒಳಗೆ ಹೋದರು.

ಮಹಾರುದ್ರಪ್ಪನವರು ಎರಡು ವಾರ ಹೆಂಡತಿಯ ಜೊತೆ ಮಾತು ಬಿಟ್ಟರು. ತಾಟು ತೆಗೆದುಕೊಂಡು ಪಡಸಾಲೆಗೆ ಹೋಗಿ ಒಬ್ಬರೇ ಉಣ್ಣುತ್ತಿದ್ದರು. ಹುಮನಾಬಾದ್ ಬಸ್‌ಸ್ಟ್ಯಾಂಡಿನ ಕಂಬಗಳ ಮೇಲೆ, ಹಳ್ಳಿಗಳ ಕಿರಾಣಿ ಅಂಗಡಿಗಳ ಗೋಡೆಯ ಮೇಲೆ ಹೆಂಡತಿಯ ನಗು. ಪ್ಯಾಟೆಯಲ್ಲಿ ಒಬ್ಬ “ಏನ್ರಿ ಸಾಹುಕಾರ, ಬಾಯಾರು ಫೇಮಸ್ ಆದ್ರಲ್ಲ” ಎಂದನಂತೆ. ಅಂದು ಮಧ್ಯಾಹ್ನ ಅವರು ಉಪವಾಸವಿದ್ದರು. ಕಸ್ತೂರಿಬಾಯಿಯ ಗಂಜಿಯೂ ನಿಂತಿತು. ಸುಳ್ಳು ಹೇಳಿದರೆಂದು ಅವಳಿಗೆ ಸಿಟ್ಟು.

ಆದರೆ ಹಿಂದಿನ ಕೋಣೆಗೆ ಬರುವ ಹೆಂಗಸರು ಹೆಚ್ಚಾದರು. ಕೆಲವರು ಕೊಳ್ಳಲು ಬಂದು ಕೇಳುತ್ತಿದ್ದರು, ಕೆಲವರು ಕೇಳಲು ಬಂದು ಸಂಕೋಚಕ್ಕೆ ಏನಾದರೂ ಕೊಳ್ಳುತ್ತಿದ್ದರು. ಶಕುಂತಲಾಬಾಯಿ ಮಧ್ಯಾಹ್ನ ಅಲ್ಲೇ ಬಂದು ಕೂರತೊಡಗಿದರು. ಕೈಯ ಮೂರು ಬೆರಳು ಜೋಡಿಸಿ ಹೇಗೆ ಒತ್ತಿ ನೋಡಿಕೊಳ್ಳಬೇಕೆಂದು ತೋರಿಸುತ್ತಿದ್ದರು. ಧನರಾಜ ಬೋರ್ಡು ಬರೆಸಿದ, ಏಜೆನ್ಸಿ ಬಂದಿತ್ತು. ಅನುರಾಧಾಳಿಗೆ ಖುಷಿಯಾಗಬೇಕಿತ್ತು, ಆಗಿತ್ತು ಕೂಡ. ಆದರೆ ಅಂಗಡಿಯ ಗೋಡೆಗೂ ಹಚ್ಚಿದ್ದ ಗೆಲುವಿನ ಆ ಎರಡು ಶಬ್ದದ ಕೆಳಗೆ ಬಿಲ್ಲು ಹರಿಯುವಾಗ ಅವಳು ಪೋಸ್ಟರಿಗೆ ಬೆನ್ನು ಹಾಕಿ ಕೂರುತ್ತಿದ್ದಳು.

ಡಿಸೆಂಬರಿನಲ್ಲಿ ದುಬಲಗುಂಡಿಯಿಂದ ಜಿಜಾಬಾಯಿ ಬಂದಳು. ನಲವತ್ತರ ಹತ್ತಿರದ ಹೆಂಗಸು. ಗಂಡ ಪಂಡರಿ ಕುರಿ ಕಾಯುವವನು, ಅವಳು ಕೂಲಿಗೆ ಹೋಗುವವಳು. ಪರದೆ ಸರಿಸಿ ನಿಂತು, ಚೀಲದಿಂದ ಮಡಚಿದ ಪೋಸ್ಟರನ್ನು ತೆಗೆದಳು. ಗೋಡೆಯಿಂದ ಕಿತ್ತು ತಂದಿದ್ದಳು.

“ಅಕ್ಕಾರ, ಈ ಬಾಯಾರು ಎಲ್ಲಿರತಾರ್ರಿ? ಖರೇನೇ ಅದಾರೋ, ಬರೇ ಚಿತ್ರೋ?”

“ಖರೇನೇ ಅದೀನಿ, ಬಾ” ಎಂದರು ಮೂಲೆಯಲ್ಲಿ ಕೂತಿದ್ದ ಶಕುಂತಲಾಬಾಯಿ.

ಜಿಜಾಬಾಯಿ ಅವರನ್ನೂ ಪೋಸ್ಟರನ್ನೂ ನೋಡಿ ಖಾತ್ರಿ ಮಾಡಿಕೊಂಡು, ಕುಪ್ಪಸದ ಗುಂಡಿ ಬಿಚ್ಚಿದಳು. ಶಕುಂತಲಾಬಾಯಿ ಮೂರು ಬೆರಳಿಟ್ಟು ನೋಡಿದರು. ಹುಣಸೆಬೀಜದಷ್ಟು ಗಂಟು. ಅವರ ಮುಖ ಬದಲಾದದ್ದನ್ನು ಅನುರಾಧಾ ಕಂಡಳು.

“ನೋವದೇನು?”

“ಇಲ್ರಿ.”

“ನಂಗೂ ಇದ್ದಿಲ್ಲ. ನಾಳಿಗೇ ಬೀದರಕ್ಕ ಹೋಗೋಣ. ನಾನೂ ಬರತೇನಿ.”

ಬೀದರಿನಲ್ಲಿ ನೋಡಿ ಸೊಲ್ಲಾಪುರಕ್ಕೆ ಬರೆದುಕೊಟ್ಟರು. ಅಲ್ಲಿ ಪರೀಕ್ಷೆ ಮಾಡಿ, ಕ್ಯಾನ್ಸರೇ ಹೌದು, ಇನ್ನೂ ಹಬ್ಬಿಲ್ಲ, ಬೇಗ ತೆಗೆಸಿರಿ ಎಂದರು. ಪಂಡರಿ ಕುರಿ ಮಾರಲು ಗಿರಾಕಿ ಹುಡುಕುತ್ತಿದ್ದ. ಅನುರಾಧಾ ಗುರುಶಾಂತನಿಗೆ ಫೋನು ಮಾಡಿದಳು.

“ನಿಮ್ಮ ಪೋಸ್ಟರ್ ನೋಡೇ ಬಂದಾಳ್ರಿ ಆಕಿ. ಕಂಪನಿ ಏನರೆ ಸಹಾಯ ಮಾಡತದೇನು ಕೇಳ್ರಿ.”

ಎರಡು ದಿನ ಬಿಟ್ಟು ಅವನೇ ಬಂದ. ಕೂರಲಿಲ್ಲ. “ಕೇಳಿದೆ ವೈನಿ. ಅವರ ಬಜೆಟ್ ತಿಳುವಳಿಕಿಗಷ್ಟೇ ಅದ ಅಂತ. ಇಲಾಜಿಗೆ ಇಲ್ಲಂತ.” ಕಿಸೆಯಿಂದ ಒಂದಷ್ಟು ನೋಟು ತೆಗೆದು ಗಲ್ಲೆಯ ಮೇಲಿಟ್ಟ. “ಇದು ನನ್ನ ಕಡಿಂದ. ನನ್ನ ಹೆಸರ ಹೇಳಬ್ಯಾಡ್ರಿ.” ಅವನ ಕಿವಿ ಕೆಂಪಾಗಿದ್ದವು. ಅವನ ಮೇಲೆ ಸಿಟ್ಟು ಮಾಡಬೇಕೆಂದುಕೊಂಡಿದ್ದ ಅನುರಾಧಾಳಿಗೆ ಅದೂ ಆಗಲಿಲ್ಲ.

ಸಂಕ್ರಾಂತಿಗೆ ಕಂಪನಿಯವರು ಬಸವಕಲ್ಯಾಣದಲ್ಲೇ ದೊಡ್ಡ ಹಳದಿ-ಕುಂಕುಮ ಇಟ್ಟರು. ಶಕುಂತಲಾಬಾಯಿಗೆ ಗುಲಾಬಿ ಸೀರೆ ಉಡಿಸಿ ಸ್ಟೇಜಿನ ನಡುವೆ ಕೂರಿಸಿದರು. ಮೆಟ್ಟಿಲು ಹತ್ತುವಾಗ ಅವರು ಕಟಕಟೆ ಹಿಡಿದು ಒಂದು ಗಳಿಗೆ ನಿಂತದ್ದು ಅನುರಾಧಾಳ ಕಣ್ಣಿಗೆ ಬಿತ್ತು. “ಸೀರಿ ಕಾಲಿಗೆ ಸಿಗಾಕತ್ತದ” ಎಂದರು. ಎರಡು ತಾಸು ನಗುತ್ತ ಕೂತು, ಬಂದವರಿಗೆಲ್ಲ ಎಳ್ಳು-ಬೆಲ್ಲ ಹಂಚಿದರು.

ಆಮೇಲೆ ಒಂದೊಂದೇ ಕಾಣತೊಡಗಿತು. ನೀರಿನ ಕೊಡ ಎತ್ತುವುದನ್ನು ಅವರು ಬಿಟ್ಟಿದ್ದರು. ಹಂಚಿನ ಮುಂದೆ ಕೂತವರು ಗೋಡೆಗೆ ಕೈಯೂರಿ ಏಳುತ್ತಿದ್ದರು. ಹಾಸಿಗೆಗೆ ನೋವಿನ ಮುಲಾಮಿನ ವಾಸನೆ. ಕೇಳಿದರೆ, “ವಾಯು ಆಗೇದ. ಛಳಿಗಾಲ ಅಲ್ಲೇನು?” ಫೆಬ್ರವರಿಯ ಒಂದು ಬೆಳಿಗ್ಗೆ ಶೇಂಗಾ ಹುರಿಯಲೆಂದು ಡಬ್ಬಿ ತೆಗೆದಾಗ ಶೇಂಗಾದ ನಡುವೆ ನೋವಿನ ಗುಳಿಗೆಯ ಖಾಲಿ ಪಟ್ಟಿಗಳು ಸಿಕ್ಕವು. ಒಂದಲ್ಲ, ಹನ್ನೊಂದು.

ಅನುರಾಧಾ ಅವನ್ನು ಹಿಡಿದುಕೊಂಡು ದೇವರ ಕೋಣೆಗೆ ಹೋದಳು. ಪೂಜೆ ಮುಗಿಸಿ ಏಳಲಾರದೆ ಕೂತಿದ್ದ ಶಕುಂತಲಾಬಾಯಿ ಅವಳ ಕೈ ನೋಡಿ ಎಲ್ಲವನ್ನೂ ತಿಳಿದರು.

“ಎಂದಿಂದ ಅತ್ಯಾ?”

“ಸಂಕ್ರಾಂತಿಗಿಂತ ಮೊದಲ. ಟೊಂಕದಾಗ.”

“ಗಂಟ ಹತ್ತಿದ್ರ ಮುಚ್ಚಬ್ಯಾಡ್ರಿ ಅಂತ ಊರಿಗೆಲ್ಲಾ ಹೇಳಿದವರು ನೀವು! ಯಾಕ ಮುಚ್ಚಿಟ್ರಿ? ನಂಗಾದ್ರೂ ಹೇಳಬಾರದೇನು?”

“ಸಾವಕಾಶ ಮಾತಾಡು. ನಿಮ್ಮ ಮಾವ ಹೊರಗದಾರ.” ಶಕುಂತಲಾಬಾಯಿ ಅವಳ ಕೈ ಹಿಡಿದು ಕೂರಿಸಿಕೊಂಡರು. “ಜಿಜಾಬಾಯಿ ಆಪರೇಶನಕ್ಕ ಇನ್ನಾ ಹತ್ತ ದಿನ ಅದ. ಪಂಡರಿ ಮೂರ ಸಲ ಬ್ಯಾಡ ಅಂದಾನ. ಆಕಿ ಏನಂತಾಳ ಗೊತ್ತದೇನು? ಆ ಬಾಯಿ ನೋಡ್ರಿ, ಹ್ಯಾಂಗ ಗಟ್ಟಿ ಅದಾರ, ನಾನೂ ಹಂಗೇ ಆಗತೇನಿ ಅಂತಾಳ. ನಾ ಈಗ ಮಲಗಿದೆ ಅಂದ್ರ ಆಕಿ ಹೋಗತಾಳೇನು? ಕೊಯ್ಯಿಸಿಕೊಂಡ್ರೂ ಅಷ್ಟೇ, ಬಿಟ್ಟರೂ ಅಷ್ಟೇ ಅಂತ ಮನ್ಯಾಗ ಕೂಡತಾಳ.”

“ಅದಕ್ಕ ನೀವು ನೋವು ತಿನ್ನಬೇಕೇನು?”

“ಗೋಡಿ ಗೋಡಿಗೂ ಗೆದ್ದೆ ಅಂತ ಹಚ್ಯಾರ ಅನುರಾಧಾ. ಗೆದ್ದಾಕಿ ಕುಂಟಕೋತ ಹ್ಯಾಂಗ ತಿರಗಲಿ? ಉಳದೀನಿ ಅಂತ ಬರೆದಿದ್ರ, ಮತ್ತ ಬಂದದ ಅಂತ ಹೇಳಬಹುದಿತ್ತು.”

ಅನುರಾಧಾ ಖಾಲಿ ಪಟ್ಟಿಗಳನ್ನು ಸೆರಗಿನಲ್ಲಿ ಗಂಟು ಹಾಕಿದಳು. ಸಹಿ ಮಾಡ್ರಿ ಎಂದವಳು ತಾನು.

ಅಂದೇ ಧನರಾಜನಿಗೆ ಹೇಳಿದಳು. ಮಾರನೆಯ ದಿನ ಸೊಲ್ಲಾಪುರಕ್ಕೆ ಕರೆದೊಯ್ದರು. ಎಲುಬಿಗೆ ಹಬ್ಬಿದೆ, ಬೆನ್ನಿನಲ್ಲಿ ಮೂರು ಕಡೆ ಇದೆ ಎಂದರು ಡಾಕ್ಟರು. “ಎರಡು ತಿಂಗಳು ಮೊದಲು ಬಂದಿದ್ದರೆ ಪೂರ್ತಿ ವಾಸಿಯಾಗುತ್ತಿತ್ತು ಅಂತ ಹೇಳಲಾರೆ. ಇಷ್ಟು ನೋವು ಮಾತ್ರ ತಿನ್ನಬೇಕಿರಲಿಲ್ಲ.” ಆ ಮಾತು ಅನುರಾಧಾಳ ಎದೆಯಲ್ಲಿ ಮುಳ್ಳಾಗಿ ಕೂತಿತು.

ಜಿಜಾಬಾಯಿಗೆ, ಅತ್ತೆ ನಿನ್ನ ಸಲುವಾಗಿಯೇ ಮೊದಲು ಹೋಗಿ ವ್ಯವಸ್ಥೆ ಮಾಡುತ್ತಿದ್ದಾರೆ ಎಂದು ಹೇಳಿ ಕಳಿಸಿದರು. ಸುಳ್ಳಿಗೆ ಇನ್ನೊಂದು ಸುಳ್ಳು. ಆಪರೇಶನ್ ಆಯಿತು. ಐದನೇ ದಿನ ಜಿಜಾಬಾಯಿ ಗಾಯದಿಂದ ರಕ್ತ ಬಸಿಯುವ ಬಾಟಲಿ ಕೈಯಲ್ಲಿ ಹಿಡಿದು ನಡೆದಾಡುತ್ತ ಇನ್ನೊಂದು ವಾರ್ಡಿಗೆ ಇಣುಕಿದವಳು, ಬಾಗಿಲಲ್ಲೇ ನಿಂತುಬಿಟ್ಟಳು.

“ಬಾಯಾರ, ನೀವ್ಯಾಕ ಇಲ್ಲಿ?”

“ಬಾ, ಕೂಡು” ಎಂದರು ಶಕುಂತಲಾಬಾಯಿ. “ನಂದು ಎರಡನೇ ಸಲ. ನಾ ತಡಾ ಮಾಡಿ ಬಂದಾಕಿ. ನೀ ಲಗೂ ಬಂದೀ. ನಿಂದು ಇದಕ್ಕೇ ಮುಗೀತದ.”

ಜಿಜಾಬಾಯಿ ಅಳಲಿಲ್ಲ. ಮಂಚದ ಕಾಲ ಹತ್ತಿರ ಕೂತು ಅವರ ಪಾದ ಒತ್ತತೊಡಗಿದಳು.

ಮನೆಗೆ ಬಂದ ಮೇಲೆ ತೀರ ಬದಲಾದವರು ಮಹಾರುದ್ರಪ್ಪನವರು. ಅಂಗಡಿಯನ್ನು ಮಗನಿಗೆ ಬಿಟ್ಟು ಹೆಂಡತಿಯ ಮಂಚದ ಬಳಿ ಕುರ್ಚಿ ಹಾಕಿಕೊಂಡರು. ಮೂವತ್ತೈದು ವರ್ಷ ಅಡುಗೆಮನೆಯ ಒಲೆ ಹೇಗಿದೆ ಎಂದು ನೋಡದವರು ಚಹಾ ಮಾಡಲು ಕಲಿತರು. ಮೊದಲ ದಿನ ಅದಕ್ಕೆ ಉಪ್ಪು ಬಿದ್ದಿತ್ತು. ಶಕುಂತಲಾಬಾಯಿ ಪೂರ್ತಿ ಕುಡಿದು, “ಕಸ್ತೂರಿಬಾಯಿ ಗಂಜಿಗಿಂತ ಚಲೋ ಅದ” ಎಂದರು. ಒಂದು ದಿನ ಕಸ್ತೂರಿಬಾಯಿಯೇ ಸಿಟ್ಟು ಮರೆತು ಬಾಗಿಲಿಗೆ ಬಂದು, “ಹ್ಯಾಂಗದಾರ್ರಿ, ವಾಯು ಕಡಿಮಿ ಆಯ್ತೇನು?” ಎಂದಾಗ, ಮಹಾರುದ್ರಪ್ಪನವರು ಎದ್ದು ನಿಂತು ಸ್ಪಷ್ಟವಾಗಿ ಹೇಳಿದರು: “ವಾಯು ಅಲ್ರೀ. ಎದಿ ಕ್ಯಾನ್ಸರ್. ಎಲುಬಿಗೆ ಹೋಗೇದ.” ಆ ಶಬ್ದ ಅವರ ಬಾಯಿಂದ ಬಂದದ್ದು ಅದೇ ಮೊದಲು.

ಅನುರಾಧಾ ಅಂಗಡಿಯಿಂದ ಪೋಸ್ಟರು ಕಿತ್ತಳು. ಧನರಾಜ ತಡೆದ.

“ಈಗ ತಗದ್ರ ಜನ ಏನಂತಾರ? ಮಾಲು ಭಾಳ ಬಂದು ಬಿದ್ದದ. ಇನ್ನೊಂದೆರಡ ತಿಂಗಳ ಇರಲಿ.”

“ನಿಮ್ಮ ಅವ್ವ ಒಳಗ ನರಳಾಕತ್ತಾರ. ಇಲ್ಲಿ ಅವರ ಮಾರಿ ತೋರಿಸಿ ಮಾಲು ಮಾರೋದೇನು?”

“ಮಾರಿದ ರೊಕ್ಕದಾಗೇ ಅವ್ವಗ ಔಷಧ ಬರಾಕತ್ತದ. ಅದೂ ನೆನಪಿರಲಿ.”

ಯಾರ ಮಾತೂ ಸುಳ್ಳಾಗಿರಲಿಲ್ಲ. ಪೋಸ್ಟರು ಮಾತ್ರ ಮತ್ತೆ ಗೋಡೆಗೆ ಏರಲಿಲ್ಲ. ಹೊರಗೆ ಹುಮನಾಬಾದಿನ ಕಂಬಗಳ ಮೇಲಿನವು ಬಿಸಿಲಿಗೆ ಬಣ್ಣ ಬಿಟ್ಟು, ಮಳೆಗಾಲದಲ್ಲಿ ತಾವೇ ಉದುರಿದವು.

ಶ್ರಾವಣದ ಎರಡನೇ ಸೋಮವಾರ ಶಕುಂತಲಾಬಾಯಿ ಲಿಂಗೈಕ್ಯರಾದರು. ನಾರಾಯಣಪುರದ ತಮ್ಮ ಹೊಲದಲ್ಲಿ ಮಣ್ಣು ಮಾಡಿದರು. ದುಬಲಗುಂಡಿಯಿಂದ ಜಿಜಾಬಾಯಿ ಬಂದಿದ್ದಳು. ಪರದೆಯ ಕೋಣೆಯಲ್ಲಿ ಕಂಡ ಎಷ್ಟೋ ಹೆಂಗಸರು ಬಂದಿದ್ದರು. ಹೆಸರು ಗೊತ್ತಿಲ್ಲದವರು ಅನುರಾಧಾಳ ಕೈ ಹಿಡಿದು, “ಅವರು ಹೇಳಿದ್ರಂತ ತೋರಿಸಿಕೊಂಡು ಬಂದೀನಿ, ನಂದೇನೂ ಇಲ್ಲಂತ್ರಿ” ಎಂದು ಹೇಳಿ ಹೋದರು.

ಅಕ್ಟೋಬರ್ ಮತ್ತೆ ಬಂತು. ಗುರುಶಾಂತ ಬಂದಾಗ ಜಿಜಾಬಾಯಿಯೂ ಹಿಂದಿನ ಕೋಣೆಯಲ್ಲಿದ್ದಳು. ತಪಾಸಣೆಗೆ ಸೊಲ್ಲಾಪುರಕ್ಕೆ ಯಾವತ್ತು ಹೋಗುವುದೆಂದು ಕೇಳಲು ಬಂದವಳು.

“ವೈನಿ, ಹ್ಯಾಂಗ ಕೇಳಬೇಕೋ ತಿಳೀವಲ್ದು” ಎಂದ ಅವನು. “ಈ ವರ್ಷ ಕಂಪನಿಯವರು ಜಿಜಾಬಾಯಿ ಫೋಟೊ ಕೇಳಾಕತ್ತಾರ. ಈ ಸಲ ರೊಕ್ಕ ಕೊಡಬೇಕು ಅಂತ ನಾ ಜಗಳಾಡೀನಿ. ಐದ ಸಾವಿರ ಕೊಡತಾರ.”

“ಬ್ಯಾಡ” ಎಂದಳು ಅನುರಾಧಾ. “ಒಬ್ಬರನ್ನ ಗೆಲ್ಲಿಸಿದ್ದು ಸಾಕು. ಎದ್ದು ಹೋಗ್ರಿ.”

“ಅಕ್ಕಾರ” ಎಂದಳು ಜಿಜಾಬಾಯಿ ಮೆಲ್ಲಗೆ, “ಅವರು ಕೇಳಾಕತ್ತಿದ್ದು ನನ್ನ ಮಾರಿ. ನನ್ನ ಒಂದ ಮಾತ ಕೇಳ್ರಿ.”

ಅನುರಾಧಾ ತಿರುಗಿ ನೋಡಿದಳು.

“ಐದ ವರ್ಷ ದಿನಾ ಒಂದ ಗುಳಿಗಿ ನುಂಗು ಅಂದಾರ. ಕುರಿ ಮಾರಿ ಆಯ್ತು. ಈ ಕೈಲೆ ಕಳೆ ತಗ್ಯಾಕ ಬರಂಗಿಲ್ಲ. ನಿಮ್ಮ ಮನ್ಯಾಗ ಬ್ಯಾಡ ಅಂದ್ರ ನಡೀತದ. ನಂಗ ಹ್ಯಾಂಗ ನಡೀತದ?”

ಅನುರಾಧಾ ಕೂತಲ್ಲೇ ಗುರುಶಾಂತನ ಕಡೆಗೆ ತಿರುಗಿದಳು. “ಕಾಗದ ತಂದೀರೇನು? ಓದ್ರಿ. ಒಂದೊಂದ ಸಾಲು, ಕನ್ನಡದಾಗ” ಎಂದಳು.

ಅವನು ತಡವರಿಸುತ್ತ ಓದಿದ. ಫೋಟೊದ ಬಣ್ಣ ಬದಲಿಸಬಹುದು. ಮಾತು ಬದಲಿಸಬಹುದು. ಎಷ್ಟು ವರ್ಷ ಬೇಕಾದರೂ ಬಳಸಬಹುದು. ಫೋಟೊದವರು ಇಲ್ಲವಾದ ಮೇಲೂ ಬಳಸಬಹುದು. ಆ ಸಾಲಿಗೆ ಬಂದಾಗ ಅವನ ದನಿ ಇಳಿಯಿತು. “ಇದು ನಾನೂ ಓದಿದ್ದಿಲ್ಲ ವೈನಿ” ಎಂದ.

“ಗೆದ್ದೆ ಅಂತ ಹಾಕಬ್ಯಾಡ್ರಿ, ಎಲ್ಲಿ ಹೋಗಿ ತೋರಿಸಬೇಕು ಅಂತ ದವಾಖಾನಿ ವಿಳಾಸ ಹಾಕ್ರಿ. ಫೋನ್ ಹಚ್ಚಿ ಕೇಳ್ರಿ. ಈಗೇ.”

ಅವನು ಹೊರಗೆ ಹೋಗಿ ಬಹಳ ಹೊತ್ತು ಮಾತಾಡಿ ಬಂದ. ವಿಳಾಸ ಸಣ್ಣ ಅಕ್ಷರದಲ್ಲಿ ಹಾಕುತ್ತಾರಂತೆ. ಗೆದ್ದೆ ಎನ್ನುವುದನ್ನು ಬಿಡುವುದಿಲ್ಲವಂತೆ. ಅದು ಇಡೀ ದೇಶಕ್ಕೆ ಒಂದೇ ಅಂತೆ.

ಜಿಜಾಬಾಯಿ ನೆಲ ನೋಡುತ್ತ ಕೂತಿದ್ದಳು. “ಬರೀಲಿ ಬಿಡ್ರಿ” ಎಂದಳು. “ನಂಗ ಓದಾಕ ಬರಂಗಿಲ್ಲಲ್ಲ.” ಹೆಬ್ಬೆಟ್ಟು ಒತ್ತಿದಳು. ಅನುರಾಧಾ ಬೇಡವೆನ್ನಲಿಲ್ಲ. ಶಾಯಿ ಹತ್ತಿದ ಬೆರಳು ಒರೆಸಿಕೊಳ್ಳಲು ಬಟ್ಟೆಯ ತುಂಡು ಕೊಟ್ಟಳು.

ಸಂಜೆ ಅವಳನ್ನು ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಹೋದಳು. ಹುಮನಾಬಾದಿನ ಬಸ್ಸು ಇನ್ನೂ ಬಂದಿರಲಿಲ್ಲ. ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು.

“ಮಂಗಳವಾರ ಸೊಲ್ಲಾಪುರಕ್ಕ ಹೋಗೋಣ. ಮತ್ತ ಒಂದ ಮಾತು, ಜಿಜಕ್ಕ. ಗೋಡಿ ಮ್ಯಾಲ ಅವರು ಏನರೆ ಬರಕೊಳ್ಳಲಿ. ಮೈಯಾಗ ಎಲ್ಲೇ ನೋವಾದ್ರೂ ಮೊದಲ ನಂಗ ಹೇಳಬೇಕು. ಯಾರ ಸಲುವಾಗೂ ಮುಚ್ಚಬಾರದು.”

“ಹೇಳತೇನ್ರಿ” ಎಂದು ಜಿಜಾಬಾಯಿ ನಕ್ಕಳು. “ಹಂಗಾದ್ರ ಈಗೇ ಹೇಳತೇನಿ. ಮುಂಜಾನಿಂದ ಕಾಲ ನೋಯಾಕತ್ತದ. ಬಸ್ಸಿನಾಗ ಜಾಗಾ ಇದ್ದಿಲ್ಲ, ನಿಂತು ಬಂದೀನಿ.”

ಅನುರಾಧಾ ನಗಲಿಲ್ಲ. ಬೆಂಚಿನಿಂದ ಇಳಿದು, ಅಷ್ಟು ಜನರ ನಡುವೆ ಧೂಳಿನಲ್ಲಿ ಕುಕ್ಕರಗಾಲಲ್ಲಿ ಕೂತು, ಜಿಜಾಬಾಯಿಯ ಕಾಲನ್ನು ಕೈಗೆ ತೆಗೆದುಕೊಂಡಳು.

“ಎಲ್ಲಿ?” ಎಂದಳು. “ತೋರಸು.”